ಕೈ ತಟ್ಟಿದ ಮೇಲೆ

ತಕ್ಕಡಿ ಅಂಗಡಿಯ ಹಿಂದಿನ ಕೋಣೆ
ಮಾರ್ಚ್ 18, ಸೋಮವಾರ ಮಧ್ಯಾಹ್ನ

ನನ್ನ ಮುದ್ದಿನ ಜಡ್ಜಮ್ಮನಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ಎಲ್ಲಕ್ಕಿಂತ ಮೊದಲು ಒಂದು ವಿಷಯ ದಾಖಲಾಗಿಬಿಡಲಿ. ನಿನ್ನ ಹಡಗು ಬಂದರಿಗೆ ಬರುವಾಗ ನಾನು ದಡದಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಅದರ ತೂಕವನ್ನು ಕಿಲೋ ಲೆಕ್ಕದಲ್ಲಿ ಹೇಳಬಲ್ಲೆ. ಒಳಗಿರುವ ಸರಕು, ಕ್ಯಾಪ್ಟನ್ನು, ಹಡಗಿನ ಅಡುಗೆಯವಳಾದ ನೀನು, ನಿನ್ನ ಕೈಯಲ್ಲಿರುವ ಸೌಟು, ಎಲ್ಲ ಸೇರಿಸಿ. ಈ ಕೆಲಸಕ್ಕೆ ಬನ್ನಿ ಎಂದು ಬಂದರಿನ ದೊಡ್ಡ ಅಧಿಕಾರಿಗಳು ಮೂರು ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ತಕ್ಕಡಿ ರಿಪೇರಿಗೆ ಕೊಟ್ಟ ಬಡಪಾಯಿಗಳನ್ನು ಬಿಟ್ಟು ಬರಲಾರೆ ಎಂದು ನಾನೇ ಕಳಿಸಿಬಿಟ್ಟೆ. ಭೂಮಿಯ ಮೇಲೆ ನನ್ನಷ್ಟು ಸರಿಯಾಗಿ ತೂಕ ಹೇಳುವ ಇನ್ನೊಬ್ಬ ಮನುಷ್ಯನಿಲ್ಲ.

ಇಂಥ ಮಹಾಪುರುಷನಿಗೆ ಒಂದು ಪತ್ರ ಬರೆಯಲು ಒಂದು ತಿಂಗಳಿಗಿಂತ ಹೆಚ್ಚು ಯಾಕೆ ಬೇಕಾಯಿತು ಎಂದು ನೀನು ಕೇಳುತ್ತೀಯ. ನ್ಯಾಯವಾದ ಪ್ರಶ್ನೆ. ನಿನ್ನ ಎರಡೂ ಪತ್ರಗಳು ಬಂದಿವೆ. ಎರಡನೆಯದರಲ್ಲಿ ನೀನು ಅಡಿಗೆರೆ ಎಳೆದು ಬರೆದಿದ್ದೆ, "ಮಾವ, ಈ ಸಲ ಬುರುಡೆ ಬಿಡದೆ ಹೇಳು, ತಮ್ಮ ಹೇಗಿದ್ದಾನೆ?" ಎಂದು. ಆ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿ ತಿರುಗಿ, ಒಮ್ಮೆ ಅಂಗಿಯ ಸಮೇತ ಒಗೆದು ಒಣಗಿಸಿಯೂ ಆಯಿತು. ಬಂದರಿನಿಂದ ನೀನು ಫೋನು ಮಾಡಿದಾಗೆಲ್ಲ ಅವನು ನನ್ನ ಮಗ್ಗುಲಲ್ಲೇ ಇರುತ್ತಿದ್ದ. ಅದಕ್ಕೇ "ಎಲ್ಲಾ ಚೆನ್ನಾಗಿದೆ ಕಣಮ್ಮ, ಇಲ್ಲಿ ಸಿಗ್ನಲ್ ಸರಿಯಿಲ್ಲ" ಎಂದು ಇಟ್ಟುಬಿಡುತ್ತಿದ್ದೆ. ಸಿಗ್ನಲ್ ಸರಿಯಾಗೇ ಇತ್ತು.

ಹೋದ ಪತ್ರದಲ್ಲಿ, ನಿನ್ನ ತಮ್ಮ ಕಡ್ಡಿ ಚೆನ್ನಾಗಿದ್ದಾನೆ, ಹಲ್ಲು ಮಾಡುವ ಲ್ಯಾಬಿನ ಕೆಲಸ ಬೇಜಾರಾಗಿ ನನ್ನ ಹತ್ತಿರ ತಕ್ಕಡಿ ಕೆಲಸ ಕಲಿಯುವ ಯೋಚನೆ ಮಾಡುತ್ತಿದ್ದಾನೆ ಎಂದು ಬರೆದಿದ್ದೆ. ಅದು ಸುಳ್ಳು, ಮಗಳೇ. ನಿನ್ನ ತಮ್ಮನಿಗೆ ಬದುಕುವುದು ಬೇಡವಾಗಿದೆ. ಅವನನ್ನು ಒಬ್ಬನೇ ಬಿಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಅವನು ನಮ್ಮ ಮನೆಯಲ್ಲಿದ್ದಾನೆ, ಹಗಲೆಲ್ಲ ನನ್ನ ಜೊತೆ ಅಂಗಡಿಯಲ್ಲಿರುತ್ತಾನೆ.

ಮುಂದಿನದನ್ನು ನೀನು ಉಸಿರು ಬಿಗಿಹಿಡಿದು ಓದಬಾರದು. ಅದಕ್ಕೆ ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ಅವನು ಇದ್ದಾನೆ. ಹೊರಗೆ ಮೂಟೆ ತೂಗುವ ತಕ್ಕಡಿಯ ಹಲಗೆಯ ಮೇಲೆ ಗೋಡೆಗೊರಗಿ ಕೂತು ರಸ್ತೆ ನೋಡುತ್ತಿದ್ದಾನೆ. ಕಾಲು ಅಲುಗಿಸಿದಾಗ ಹಲಗೆ ಕಿರುಗುಟ್ಟುತ್ತದೆ. ಆ ಸದ್ದು ಕೇಳುತ್ತಿರುವಷ್ಟು ಹೊತ್ತು ಬರೆಯುತ್ತೇನೆ. ಕೇಳದಿದ್ದರೆ ಎದ್ದು ಹೋಗಿ ನೋಡಿ ಬರುತ್ತೇನೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದಾಯಿತು.

ಎಲ್ಲಿಂದ ಶುರು ಮಾಡಲಿ? ನಮ್ಮ ಮನೆಯ ರೋಗದಿಂದಲೇ ಮಾಡಬೇಕು. ಬಾಜಿ ಕಟ್ಟದೆ ನಮಗೆ ಬೆಳಗಾಗುತ್ತಿರಲಿಲ್ಲ, ನೆನಪಿದೆಯಲ್ಲ. ಬಂದ ನೆಂಟರು ಊಟಕ್ಕೆ ನಿಲ್ಲುತ್ತಾರೋ ಇಲ್ಲವೋ, ಗೋಡೆಯ ಮೇಲಿನ ಎರಡು ಇರುವೆಗಳಲ್ಲಿ ಯಾವುದು ಮೊದಲು ಕಿಟಕಿ ಮುಟ್ಟುತ್ತದೆ, ನಿಮ್ಮಮ್ಮನಿಗೆ ಇವತ್ತು ಸಿಟ್ಟು ಬರುವುದು ತಿಂಡಿಗೆ ಮುಂಚೆಯೋ ಆಮೇಲೆಯೋ, ಎಲ್ಲಕ್ಕೂ ಬಾಜಿ. ನೀನು ಸ್ಟೂಲಿನ ಮೇಲೆ ನಿಂತುಕೊಂಡು ಎರಡೂ ಕಡೆಯ ನಾಣ್ಯಗಳನ್ನು ಫ್ರಾಕಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಜಡ್ಜಮ್ಮ ಎಂಬ ಹೆಸರು ಬಿದ್ದದ್ದೇ ಆಗ. ಕಾನೂನು ಮಾಡಿದವಳೂ ನೀನೇ. ಕೈ ತಟ್ಟಿದ ಮೇಲೆ ಯಾರೂ ಹಿಂದೆ ಸರಿಯುವ ಹಾಗಿಲ್ಲ, ಸರಿದರೆ ಅವನೇ ಸೋತವನು, ಅಲ್ಲೇ ದುಡ್ಡು ಎಣಿಸಬೇಕು. ನಿನ್ನ ತಮ್ಮ ಕಡ್ಡಿಯ ಹಾಗಿದ್ದ, ಚಡ್ಡಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡು ಇನ್ನೊಂದು ಕೈಯಿಂದ ನನ್ನ ಕೈ ತಟ್ಟುತ್ತಿದ್ದ. ಅವನು ಎಷ್ಟೇ ಹೇಳಲಿ, "ಅಷ್ಟೇನಾ? ಇದೇನು ಭಿಕ್ಷೆಯಾ? ಹಾಕು ನೂರು ಪಟ್ಟು" ಎಂದು ನಾನು ಏರಿಸುವುದು, ಅವನು ಕಣ್ಣರಳಿಸುವುದು, ನೀನು "ಅಷ್ಟು ದುಡ್ಡು ಎಲ್ಲಿದೆ ಮಾವ, ಜೇಬು ತೋರ್ಸು" ಎಂದು ನನ್ನ ಮಾನ ಕಳೆಯುವುದು, ಇದೇ ನಮ್ಮ ಮನೆಯ ಮನರಂಜನೆ. ಅದನ್ನು ನಾವು ಯಾರೂ ಬಿಡಲಿಲ್ಲ. ನಿನ್ನ ತಮ್ಮನಿಗೆ ಈಗ ಗಡ್ಡ ಬಂದು ಎಷ್ಟು ಕಾಲವಾಯಿತು, ಅಂಗಡಿಗೆ ಬಂದರೆ ನಮ್ಮ ಮೊದಲ ಮಾತೇ ಬಾಜಿ.

ಜನವರಿ ಕೊನೆಯ ಒಂದು ಮಧ್ಯಾಹ್ನ ಅವನು ಬಂದ. ನಾನು ಪಕ್ಕದ ಬೇಕರಿಯವನ ತಕ್ಕಡಿ ಬಿಚ್ಚಿ ಕೂತಿದ್ದೆ. ಬೇಕರಿಯವನು ಎದುರಿಗೇ ನಿಂತು, ಒಲೆಯಲ್ಲಿ ಬ್ರೆಡ್ಡು ಕರಕಲಾಗುತ್ತಿರುವವನ ಹಾಗೆ ಕೌಂಟರಿನ ಮೇಲೆ ತಾಳ ಹಾಕುತ್ತಿದ್ದ. ಕಡ್ಡಿ ಒಂದು ರಟ್ಟಿನ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟ. ನೋಡಿದರೆ ಮೂರು ಜೊತೆ ಹಲ್ಲು. ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದಾನೆ. ನನ್ನ ಬಾಯಲ್ಲಿರುವ ಹಲ್ಲು ಅವನೇ ಮಾಡಿದ್ದು ಎಂಬುದು ನಿನಗೆ ಗೊತ್ತು. ಈ ಮೂರೂ ಅದೇ ಅಚ್ಚಿನವು.

"ಇರ್ಲಿ ಮಾವ. ಒಂದು ಮುರಿದ್ರೆ ಇನ್ನೊಂದು, ಅದೂ ಮುರಿದ್ರೆ ಮತ್ತೊಂದು. ಇಷ್ಟಿದ್ರೆ ಸಾಕಾಗುತ್ತೆ ನಿನಗೆ" ಎಂದ.

"ನಾನೇನು ಮೊಸಳೆಯೇನೋ?" ಎಂದೆ. ಬೇಕರಿಯವನು ನಕ್ಕ. ಅವನು ನಕ್ಕದ್ದಕ್ಕೆ ನನಗೆ ಖುಷಿಯಾಯಿತು. ನಿನ್ನ ತಮ್ಮ ನಗಲಿಲ್ಲ ಎಂಬುದನ್ನು ನಾನು ನೋಡಲೇ ಇಲ್ಲ.

ಆಮೇಲೆ ಮುದ್ರೆಯ ಮಾತು ಬಂತು. ವರ್ಷಕ್ಕೊಮ್ಮೆ ನನ್ನ ಕಬ್ಬಿಣದ ತೂಕದ ಬಟ್ಟುಗಳನ್ನೆಲ್ಲ ತಳ್ಳುಗಾಡಿಯಲ್ಲಿ ಹೇರಿಕೊಂಡು ತೂಕ-ಅಳತೆಯ ಆಫೀಸಿಗೆ ಒಯ್ದು ಮುದ್ರೆ ಹಾಕಿಸಬೇಕಲ್ಲ. ಚಿಕ್ಕಂದಿನಿಂದ ಗಾಡಿ ತಳ್ಳುವವನು ಅವನೇ. "ಮುಂದಿನ ತಿಂಗಳು ಮುದ್ರೆ ಇದೆ, ಬರ್ತೀಯ ತಾನೆ?" ಎಂದೆ.

"ಮುಂದಿನ ತಿಂಗಳು ನಾನಿರಲ್ಲ ಮಾವ."

"ಇರ್ತೀಯ. ಬಾಜಿ?"

ಬಾಯಿಂದ ಬಂದುಬಿಟ್ಟಿತು. ಸೀನು ಬಂದ ಹಾಗೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಬಾಜಿ" ಎಂದ. ಕೈ ಚಾಚಿದ. ನಾನು ತಟ್ಟಿದೆ. ಅಂಗೈ ತಣ್ಣಗಿತ್ತು. ಅವನು ಹೋದ, ನಾನು ಮತ್ತೆ ಬೇಕರಿಯವನ ತಕ್ಕಡಿಗೆ ಕೈ ಹಾಕಿದೆ.

ಎಷ್ಟಕ್ಕೆ ಬಾಜಿ ಎಂದು ನೀನು ಕೇಳುತ್ತೀಯ, ನಿನ್ನ ಸ್ವಭಾವವೇ ಅದು. ದೊಡ್ಡ ಮೊತ್ತ ಎಂದು ತಿಳಿದುಕೋ. ನಿನ್ನ ಅತ್ತೆಗೆ ಸಾವಿರ ಎಂದಿದ್ದೇನೆ, ಟೈರಿನ ಅಂಗಡಿಯವನಿಗೆ ಹತ್ತು ಸಾವಿರ ಎಂದಿದ್ದೇನೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ಇದನ್ನೆಲ್ಲ ನಿನ್ನ ಅತ್ತೆಗೆ ತಮಾಷೆಯಾಗಿ ಹೇಳಿದೆ. ಮೊಸಳೆಯ ಮಾತನ್ನು ಎರಡು ಸಲ ಹೇಳಿದೆ. ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು.

"ಎಲ್ಲಿಗೆ ಹೋಗ್ತಾನಂತೆ?"

"ಕೇಳ್ಲಿಲ್ಲ."

"ಮೂರು ಜೊತೆ ಹಲ್ಲು ಯಾಕೆ ಕೊಟ್ಟ?"

"ಪ್ರೀತಿಗೆ ಕೊಟ್ಟ. ಇನ್ಯಾಕೆ ಕೊಡ್ತಾರೆ?"

"ಊರಲ್ಲೇ ಇರೋನು ಮೂರು ಜೊತೆ ಯಾಕೆ ಮಾಡ್ತಾನೆ? ಮುರಿದಾಗ ಮಾಡ್ಕೊಡಲ್ವಾ?" ಒಲೆ ಆರಿಸಿದಳು. "ಏಳು. ಚಪ್ಪಲಿ ಹಾಕ್ಕೋ."

ಅನ್ನದ ಕೈಯಲ್ಲೇ ಎದ್ದೆ. ನಿನ್ನ ಅತ್ತೆಯ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಅವಳು ಆ ಥರ ಬಿರಬಿರನೆ ನಡೆದದ್ದನ್ನು ನೋಡಿರಲಿಲ್ಲ. ಟೈರಿನ ಅಂಗಡಿಯ ಮೇಲಿನ ಅವನ ಬಾಡಿಗೆ ಕೋಣೆ ನಿನಗೆ ಗೊತ್ತಲ್ಲ, ಕಾಲಿಡಲು ಜಾಗವಿಲ್ಲದ ಹಾಗೆ ಬಟ್ಟೆ, ಪ್ಲಾಸ್ಟರಿನ ದವಡೆಗಳು, ಎಂಜಲು ಲೋಟ. ಅವತ್ತು ಹೋದರೆ ಕೋಣೆ ಆಸ್ಪತ್ರೆಯ ಹಾಗೆ ಚೊಕ್ಕಟವಾಗಿತ್ತು. ಹಲ್ಲು ಕೆತ್ತುವ ಅವನ ಸಲಕರಣೆಗಳೆಲ್ಲ ಮೇಜಿನ ಮೇಲೆ ಸಾಲಾಗಿದ್ದವು, ಯಾವುದು ಲ್ಯಾಬಿನ ಯಾರಿಗೆ ಎಂದು ಚೀಟಿ ಅಂಟಿಸಿದ್ದ. ನನಗೆ ಆಗಲೂ ಪೂರ್ತಿ ಹೊಳೆಯಲಿಲ್ಲ. "ಏನೋ, ಮನೆ ಬದಲಾಯಿಸ್ತಿದ್ದೀಯಾ?" ಎಂದು ಕೇಳಿದೆ. ನಿನ್ನ ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಂಚದ ಮೇಲೆ ಅವನ ಪಕ್ಕ ಕೂತು, ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲೇ ಕೇಳಿದಳು.

"ಸಾಯ್ಬೇಕು ಅನ್ನಿಸ್ತಿದೆಯೇನೋ ನಿನಗೆ?"

ಇಂಥದ್ದನ್ನು ಬಾಯಿಬಿಟ್ಟು ಕೇಳುತ್ತಾರೆಯೇ? ಇಲ್ಲದ ಯೋಚನೆಯನ್ನು ನಾವೇ ತಲೆಯಲ್ಲಿ ತುಂಬಿದ ಹಾಗಾಗುವುದಿಲ್ಲವೇ? ಹಾಗಾಗುವುದಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು, ಕೇಳಿದ್ದೇ ಒಳ್ಳೆಯದಾಯಿತು ಎಂದರು. ಆದರೆ ಆ ಗಳಿಗೆಯಲ್ಲಿ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಅವನು "ಹೂಂ ಅತ್ತೆ" ಎಂದ. ಅಷ್ಟೇ. ಆಮೇಲೆ ಅವನ ಭುಜ ಅಲುಗತೊಡಗಿತು. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು, "ಸರಿ. ಹೇಳಿದ್ಯಲ್ಲ, ಒಳ್ಳೇದಾಯ್ತು. ನಾವಿದ್ದೀವಿ. ಈಗ ಮನೆಗೆ ಹೋಗೋಣ, ಊಟ ತಣ್ಣಗಾಗಿದೆ" ಎಂದಳು. ಬೈಯಲಿಲ್ಲ, ಯಾಕೆ ಎನ್ನಲಿಲ್ಲ, ನಿನಗೇನು ಕಡಿಮೆಯಾಗಿದೆ ಎನ್ನಲಿಲ್ಲ. ಈ ಮೂರನ್ನೂ ನಾನು ಹೇಳಲು ಬಾಯಿ ತೆರೆದಿದ್ದೆ. ನಿನ್ನ ಅತ್ತೆ ಕಣ್ಣಲ್ಲೇ ಮುಚ್ಚಿಸಿದಳು.

ಮರುದಿನ ಆಸ್ಪತ್ರೆ. ಕೆಲವು ದಿನ ವಾರ್ಡಿನಲ್ಲಿಟ್ಟುಕೊಂಡರು, ಆಮೇಲೆ ನಮ್ಮ ಮನೆಗೆ ಕಳಿಸಿದರು. ಮನೆಯಲ್ಲಿ ಏನೇನು ಎತ್ತಿಡಬೇಕೋ ಡಾಕ್ಟರಮ್ಮ ಹೇಳಿದರು, ಎತ್ತಿ ಬೇಕರಿಯವನ ಮನೆಯಲ್ಲಿ ಬೀಗ ಹಾಕಿಸಿಟ್ಟೆವು. ಮಾತ್ರೆ ನಿನ್ನ ಅತ್ತೆಯ ಕೈಯಿಂದಲೇ ಹೋಗಬೇಕು. "ಯಾವಾಗ ಸರಿಹೋಗ್ತಾನೆ?" ಎಂದು ಕೇಳಿದೆ. "ಹೇಳೋಕಾಗಲ್ಲ. ನಿಧಾನ ಆಗುತ್ತೆ. ಒಂದು ದಿನ ಚೆನ್ನಾಗಿದ್ದಾನೆ ಅಂತ ಕಾವಲು ಬಿಡಬೇಡಿ" ಎಂದರು. ಗೊತ್ತಿಲ್ಲ ಎನ್ನುವುದಕ್ಕೂ ಫೀಸು ತೆಗೆದುಕೊಳ್ಳುವ ಜಾಣೆ. ಆದರೂ ನನಗೆ ಆಕೆಯ ಮೇಲೆ ನಂಬಿಕೆ ಬಂತು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವವರನ್ನು ನಾನು ಕನ್ನಡಿಯಲ್ಲಂತೂ ನೋಡಿಲ್ಲ.

ಕಾರಣ ಏನು ಎಂದು ಕೇಳಬೇಡ. ನಾನೂ ಹುಡುಕಿದೆ. ಲ್ಯಾಬಿನ ಯಜಮಾನ ಒಳ್ಳೆಯವನು, ಕೆಲಸ ಹಿಡಿದಿಟ್ಟಿದ್ದೇನೆ ಎಂದಿದ್ದಾನೆ. ಹುಡುಗಿ ಗಿಡುಗಿ ಇಲ್ಲ. ಒಂದು ದಿನ ಅವನನ್ನೇ ಕೇಳಿಬಿಟ್ಟೆ. "ಗೊತ್ತಿದ್ರೆ ರಿಪೇರಿ ಮಾಡ್ಕೊಳ್ತಿದ್ದೆ ಮಾವ. ಬೆಳಗ್ಗೆ ಎದ್ರೆ ಬಾಯೆಲ್ಲ ಪ್ಲಾಸ್ಟರ್ ತುಂಬಿದ ಹಾಗಿರುತ್ತೆ. ಸಂಜೆವರೆಗೂ ಇಳಿಯಲ್ಲ" ಎಂದ. ಇದಕ್ಕೆ ನಾನು ಏನು ಹೇಳಲಿ ಹೇಳು. ಕೆಟ್ಟ ಸ್ಪ್ರಿಂಗು ಕಂಡರೆ ಬದಲಾಯಿಸಬಲ್ಲೆ, ತುಕ್ಕು ಕಂಡರೆ ಉಜ್ಜಬಲ್ಲೆ. ಎಲ್ಲಿ ಕೈ ಹಾಕಬೇಕೋ ಕಾಣದಿದ್ದರೆ ಏನು ಮಾಡುವುದು? ಏಳನೇ ಕ್ಲಾಸಿನವರೆಗೆ ಓದಿದವನು, ಮೇಷ್ಟ್ರು ಇದನ್ನು ಹೇಳಿಕೊಟ್ಟಿರಲಿಲ್ಲ.

ನಿಮ್ಮಮ್ಮ ದಿನಾ ಬೆಳಗ್ಗೆ ಬರುತ್ತಾಳೆ. ಬಂದು ಎದುರಿಗೆ ಕೂತು ಉಕ್ಕುವ ಹಾಲನ್ನು ನೋಡುವ ಹಾಗೆ ಅವನನ್ನೇ ನೋಡುತ್ತಾಳೆ. "ನಾನೇನು ತಪ್ಪು ಮಾಡ್ದೆ ಹೇಳೋ" ಎನ್ನುತ್ತಾಳೆ. ಅವನು ಗೋಡೆಯ ಕಡೆ ತಿರುಗುತ್ತಾನೆ. ಹೋದ ವಾರ ಅವಳನ್ನು ರಸ್ತೆಗೆ ಕರೆದುಕೊಂಡು ಹೋಗಿ, ಹಾಗೆ ಕೇಳಬೇಡ ಕಣೆ ಎಂದೆ. ರಸ್ತೆಯಲ್ಲೇ ನನ್ನ ತೋಳು ಹಿಡಿದುಕೊಂಡಳು. "ಅಣ್ಣ, ನಿನಗೆ ಎಲ್ಲಾ ಗೊತ್ತು ಅಂತೀಯಲ್ಲ. ಏನಾದ್ರೂ ಮಾಡು" ಎಂದಳು. "ನನಗೇನೂ ಗೊತ್ತಿಲ್ಲ ಕಣೆ" ಎಂದೆ. ಜೀವಮಾನದಲ್ಲಿ ನನ್ನ ತಂಗಿಗೆ ಹೇಳಿದ ಮೊದಲ ನಿಜ ಅದೇ ಇರಬೇಕು. ಅವಳು ನಂಬಲಿಲ್ಲ. ನನ್ನಲ್ಲಿ ಏನೋ ಉಪಾಯವಿದೆ, ಹೇಳುತ್ತಿಲ್ಲ ಎಂದುಕೊಂಡು ಸಮಾಧಾನವಾಗಿ ಮನೆಗೆ ಹೋದಳು. ಅದು ನನಗೆ ಇನ್ನೂ ಕಷ್ಟವಾಯಿತು.

ನಗಿಸಲು ನೋಡಿದೆ. ನನ್ನ ಕೈಯಲ್ಲಿರುವುದು ಅದೊಂದೇ ತಾನೆ. ಕ್ಯಾಪ್ಟನ್ನನಿಗೆ ನೀನು ಸೌಟಿನಲ್ಲಿ ಬಾರಿಸಿದ ಕಥೆಯನ್ನು ಹೊಸ ಹೊಸದಾಗಿ ಕಟ್ಟಿ ಹೇಳಿದೆ. ದಪ್ಪ ಗಿರಾಕಿಗಳು ಬಂದರೆ ಮೂಟೆ ತಕ್ಕಡಿಯ ಮೇಲೆ ಹತ್ತಿಸಿ ಜಗಳ ತೆಗೆದೆ. ನಾಲ್ಕು ದಿನ ನೋಡಿ ಒಂದು ಮಧ್ಯಾಹ್ನ ಅವನು ಮೆಲ್ಲಗೆ, "ಮಾವ, ನಗಿಸ್ಬೇಡ. ನಿನಗೋಸ್ಕರ ನಗೋಕೆ ಹೋಗಿ ಸುಸ್ತಾಗುತ್ತೆ" ಎಂದ. ಅವತ್ತಿನಿಂದ ಸುಮ್ಮನೆ ಕೂರುವುದನ್ನು ಕಲಿಯುತ್ತಿದ್ದೇನೆ. ನಂಬು, ಇಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ನಾಲಿಗೆ ಕಡಿಯುತ್ತದೆ.

ಒಂದು ದಿನ ಗಿರಾಕಿಯ ಜೊತೆ ಚೌಕಾಸಿ ಮಾಡಿ ತಿರುಗಿ ನೋಡಿದರೆ ಹಲಗೆ ಖಾಲಿ. ಕರೆದೆ. ಇಲ್ಲ. ಅಂಗಡಿಯನ್ನು ಹಾಗೇ ಬಿಟ್ಟು ಓಡಿದೆ. ಈ ವಯಸ್ಸಿನಲ್ಲಿ ನಾನು ಓಡಿದ್ದನ್ನು ರಸ್ತೆಯವರೆಲ್ಲ ನೋಡಿದರು. ಟೈರಿನ ಅಂಗಡಿ, ಬಸ್ ನಿಲ್ದಾಣ, ಸೇತುವೆ. ಸೇತುವೆಯ ಮೇಲೆ ನಿಂತು ಕೆಳಗೆ ನೋಡಲು ಧೈರ್ಯವಾಗದೆ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತೆ. ಆಮೇಲೆ ನೋಡಿದೆ. ಬರೀ ನೀರು. ವಾಪಸು ಬರುವಾಗ ಕ್ಷೌರದ ಅಂಗಡಿಯ ಗಾಜಿನೊಳಗೆ ಅವನು, ಬಿಳಿ ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತಿದ್ದಾನೆ, ಅರ್ಧ ತಲೆಯ ಕೂದಲು ಕತ್ತರಿಸಿದೆ. ಕನ್ನಡಿಯಲ್ಲಿ ನನ್ನನ್ನು ನೋಡಿದ. "ಹೇಳಿ ಬರ್ಬೇಕಿತ್ತು ಅಂತ ಹೊಳೀಲಿಲ್ಲ ಮಾವ" ಎಂದ. ನಾನು ಪಕ್ಕದ ಕುರ್ಚಿಯಲ್ಲಿ ಕುಸಿದೆ. ಕ್ಷೌರಿಕ "ನಿಮಗೇನು ಮಾಡ್ಲಿ?" ಎಂದ. ತಲೆಯಲ್ಲಿ ಕೂದಲೆಲ್ಲಿದೆ ನನಗೆ. "ಇರೋದನ್ನ ಮಾಡಪ್ಪ" ಎಂದೆ. ಅವನು ಕತ್ತರಿ ಆಡಿಸುತ್ತಿದ್ದಷ್ಟು ಹೊತ್ತೂ ನಾನು ನಡುಗುತ್ತಿದ್ದೆ. ಕಡ್ಡಿ ಬಟ್ಟೆಯ ಕೆಳಗಿಂದ ಕೈ ತೆಗೆದು ನನ್ನ ಮೊಣಕೈ ಹಿಡಿದುಕೊಂಡ. ಯಾರು ಯಾರನ್ನು ಕಾಯುತ್ತಿದ್ದೇವೋ ನನಗೆ ತಿಳಿಯಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದೆ. ಅವನು ಒಳಗೆ ಬಂದಿದ್ದ. "ಯಾರಿಗೆ ಬರೀತಿದ್ದೀಯ ಇಷ್ಟುದ್ದ?"

"ನಿಮ್ಮಕ್ಕನಿಗೆ."

"ನನ್ನ ವಿಷಯಾನಾ?"

ಹಡಗಿನ ತೂಕದ ವಿಷಯ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. "ಹೌದು" ಎಂದೆ.

"ಎಲ್ಲಾನಾ?"

"ಎಲ್ಲಾ."

"ಬರಿ. ಅವಳಿಗೆ ಗೊತ್ತಾಗ್ಲಿ. ನನ್ನ ಕೈಲಿ ಬರೆಯೋಕಾಗಲ್ಲ" ಎಂದು ಮತ್ತೆ ಹೊರಗೆ ಹೋಗಿ ಕೂತ. ಹಲಗೆ ಕಿರುಗುಟ್ಟಿತು. ಹಾಗಾಗಿ ಈ ಪತ್ರ ಅವನ ಒಪ್ಪಿಗೆಯಿಂದಲೇ ಬರುತ್ತಿದೆ.

ಬಾಜಿಯ ವಿಷಯಕ್ಕೆ ಬರುತ್ತೇನೆ. ಅದು ಮರೆತುಹೋಗಿದೆ ಎಂದುಕೊಂಡಿದ್ದೆ. ಮುದ್ರೆಯ ದಿನ ಹತ್ತಿರ ಬಂದಾಗ, ಬಟ್ಟುಗಳಿಗೆ ಎಣ್ಣೆ ಒರೆಸುತ್ತಾ ಕೂತಿದ್ದೆವು, ಅವನು ತಲೆಯೆತ್ತದೆ ಕೇಳಿದ, "ಬಾಜಿ ನೆನಪಿದೆಯಾ ಮಾವ?"

ನಿನಗೆ ಗೊತ್ತಿದೆ, ಸೋತು ಸುಮ್ಮನೆ ಕೂತವನಲ್ಲ ಅವನು. ಇರುವೆಗೆ ಊದಿ ಮುಂದೆ ತಳ್ಳಿದವನು. ನಾನೇ ಕೈ ತಟ್ಟಿ, ಅವನು ಗೆಲ್ಲಬೇಕಾದರೆ ಏನು ಮಾಡಬೇಕೋ ಅದನ್ನು ಅವನ ಮುಂದಿಟ್ಟಿದ್ದೇನೆ. ನಾನು ಅವನಿಗೆ ಏನು ಹೇಳಿದೆನೋ ನೆನಪಿಲ್ಲ. ಅವನನ್ನು ನಿನ್ನ ಅತ್ತೆಯ ಹತ್ತಿರ ಬಿಟ್ಟು ನೇರ ಡಾಕ್ಟರಮ್ಮನ ಬಳಿ ಹೋದೆ. ಅಲ್ಲಿಯವರೆಗೆ ಈ ಬಾಜಿಯ ಸುದ್ದಿಯನ್ನು ಆಕೆಗೆ ಹೇಳಿರಲಿಲ್ಲ, ನಾಚಿಕೆಯಿಂದ. ಕೇಳಿ ಪೆನ್ನು ಕೆಳಗಿಟ್ಟರು.

"ಹೋಗಿ ವಾಪಸ್ ತಗೊಳ್ಳಿ."

"ನಮ್ಮನೇಲಿ ಹಾಗೆ ತಗೊಳ್ಳೋ ಹಾಗಿಲ್ಲ ಡಾಕ್ಟ್ರೇ. ಕೈ ತಟ್ಟಿದ ಮೇಲೆ ಹಿಂದೆ ಸರಿದ್ರೆ ಸೋತ ಹಾಗೆ."

"ಹಾಗಾದ್ರೆ ಸೋಲಿ" ಎಂದರು.

ಸೋತೆ, ಜಡ್ಜಮ್ಮ. ಮರುದಿನ ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ಕೌಂಟರಿನ ಮೇಲೆ ದುಡ್ಡಿಟ್ಟು, "ಆ ಬಾಜಿಯಿಂದ ನಾನು ಹಿಂದೆ ಸರಿದಿದ್ದೀನಿ. ನಿನ್ನ ಮೇಲೆ ನಾನು ಬಾಜಿ ಕಟ್ಟಬಾರ್ದಿತ್ತು. ನೀನಿರಬೇಕು ಅಂತ ನನಗೆ ಆಸೆ ಇದೆ, ಅದರ ಮೇಲೆ ಪಂದ್ಯ ಆಡೋಕೆ ನನ್ನ ಕೈಲಾಗಲ್ಲ. ತಗೋ" ಎಂದೆ. ಇಷ್ಟು ಮಾತನ್ನು ನಗದೆ, ನಗಿಸದೆ, ಒಂದೇ ಉಸಿರಿಗೆ ಹೇಳಿದೆ. ಅವನು ದುಡ್ಡು ತೆಗೆದುಕೊಂಡ. ಒಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯಲಾರೆ.

ಮುದ್ರೆಯ ದಿನ ಅವನು ಬಂದ. ಗಾಡಿ ತಳ್ಳಿದ. ಏರಿನಲ್ಲಿ ನನ್ನನ್ನು ಪಕ್ಕಕ್ಕೆ ಸರಿಸಿ ಒಬ್ಬನೇ ತಳ್ಳಿದ. ಅವತ್ತು ಇದ್ದ. ಇವತ್ತೂ ಇದ್ದಾನೆ. ನಾಳೆಯದನ್ನು ಹೇಳುವ ಶಕ್ತಿ ನನಗಿಲ್ಲ.

ಒಂದು ಸಣ್ಣ ಸುದ್ದಿ, ಒಳ್ಳೆಯದೋ ಕೆಟ್ಟದ್ದೋ ನೀನೇ ತೀರ್ಮಾನಿಸು. ಶುಕ್ರವಾರ ಅವನು, "ಮಾವ, ಮಾತಾಡುವಾಗ ನಿನ್ನ ಹಲ್ಲು ಎಡಗಡೆ ಸೀಟಿ ಹೊಡೀತಿದೆ. ಕೊಡು ಇಲ್ಲಿ, ತೀಡ್ತೀನಿ" ಎಂದ. ತೆಗೆದುಕೊಟ್ಟೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ಕೂತಿದ್ದ. ಅರ ಎತ್ತಲೇ ಇಲ್ಲ. "ಆಗ್ತಿಲ್ಲ ಮಾವ. ನಾಳೆ" ಎಂದ. ನಾಳೆ ಎಂದ. ನಿನ್ನ ಅತ್ತೆ ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಶನಿವಾರ ಮಾಡಲಿಲ್ಲ. ಭಾನುವಾರವೂ ಇಲ್ಲ. ಇವತ್ತೂ ಆ ಹಲ್ಲು ಅವನ ಜೇಬಿನಲ್ಲೇ ಇದೆ. ಹಾಗಾಗಿ ನಿನ್ನ ಮಾವ ಮೆತ್ತಗೆ ಬೆಂದದ್ದನ್ನು ನುಂಗಿಕೊಂಡು ಬೊಚ್ಚುಬಾಯಲ್ಲಿ ಕೂತು ಈ ಪತ್ರ ಬರೆಯುತ್ತಿದ್ದಾನೆ. ಗಿರಾಕಿಗಳಿಗೆ ನನ್ನ ಮಾತು ಅರ್ಥವಾಗುತ್ತಿಲ್ಲ, ವ್ಯಾಪಾರ ಅರ್ಧಕ್ಕಿಳಿದಿದೆ. ಬೀರುವಿನಲ್ಲಿ ಮೂರು ಜೊತೆ ಹೊಸ ಹಲ್ಲಿದೆ, ಹಾಕ್ಕೊಳ್ರೀ ಎಂದು ಬೇಕರಿಯವನು ಬೈಯುತ್ತಾನೆ. ಆ ಡಬ್ಬಿಯನ್ನು ನಾನು ಮುಟ್ಟುವುದಿಲ್ಲ. ಹಸಿದು ಸತ್ತರೂ ಮುಟ್ಟುವುದಿಲ್ಲ.

ನೀನು ಹಡಗು ಬಿಟ್ಟು ಓಡಿ ಬರುತ್ತೇನೆ ಎಂದು ಹಟ ಮಾಡಬೇಡ, ನಡುನೀರಿನಲ್ಲಿ ಎಲ್ಲಿಗೆ ಇಳಿಯುತ್ತೀಯ. ಬರಲು ದಾರಿಯಾದಾಗ ಬಾ. ಅಲ್ಲಿಯವರೆಗೆ ಅವನಿಗೆ ಕಾಗದ ಬರೆ. ಧೈರ್ಯವಾಗಿರು, ಅಮ್ಮನ ಮುಖ ನೋ‌ಡು, ಹೀಗೆಲ್ಲ ಬರೆಯಬೇಡ. ಅದನ್ನೆಲ್ಲ ನಾವು ಹೇಳಿ ನೋಡಿ ಕೆಡಿಸಿದ್ದೇವೆ. ನಿನ್ನ ಒಲೆ ಅಲೆಗೆ ಹೇಗೆ ವಾಲುತ್ತದೆ, ಸಾರು ಹೇಗೆ ಚೆಲ್ಲುತ್ತದೆ, ಅದನ್ನು ಬರೆ. ನನಗೆಲ್ಲಾ ಗೊತ್ತಾಗಿದೆ, ನೀನು ನನಗೆ ಬೇಕು, ಎಂದು ಒಂದು ಸಾಲು ಬರೆ. ಉತ್ತರ ಬರದಿದ್ದರೂ ಬರೆಯುತ್ತಿರು.

ನಿನ್ನ ಅತ್ತೆ ನಿನಗೆ ಮುತ್ತು ಕಳಿಸಿದ್ದಾಳೆ. ಅಲೆಗಳು ನಿನ್ನ ಮಟ್ಟಿಗೆ ಮೆತ್ತಗಿರಲಿ, ಒಲೆ ನಿನ್ನ ಮಾತು ಕೇಳಲಿ, ತಿರುಗಿ ಬರುವ ದಿನ ಬಾಗಿಲಲ್ಲಿ ನಾವು ಅಷ್ಟೂ ಜನ ನಿಂತಿರುವ ಹಾಗಾಗಲಿ.

ಇಂತಿ ನಿನ್ನ,
ಬೊಚ್ಚುಬಾಯಿ ಮಾವ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಜಡ್ಜು, ನಿನ್ನ ಮುಂದೆ ಹೇಳದೆ ಬೇರೆ ಯಾರ ಮುಂದೆ ಹೇಳಲಿ. ಅವತ್ತು "ಬಾಜಿ" ಎಂದ ಮೇಲೆ ನಾನು "ಎಷ್ಟು?" ಎಂದು ಕೇಳಿದೆ. ಅವನು "ಐದು" ಎಂದ. ಎಂದೂ ಏರಿಸದೆ ಬಿಟ್ಟವನಲ್ಲ ನಾನು. ಅವತ್ತು ಬೇಕರಿಯವನು ಅವಸರ ಮಾಡುತ್ತಿದ್ದ, ಸ್ಪ್ರಿಂಗು ಕೈಯಲ್ಲಿತ್ತು, "ಆಯ್ತು, ಐದು" ಎಂದು ತಟ್ಟಿಬಿಟ್ಟೆ. ದುಡ್ಡು ಕೊಟ್ಟ ದಿನ ಅವನು ಆ ನಾಣ್ಯವನ್ನು ತಿರುಗಿಸಿ ನೋಡಿ ಹೇಳಿದ್ದು ಇಷ್ಟೇ. "ಅವತ್ತು ನೀನು ಏರಿಸ್ತೀಯ ಅಂತ ಕಾಯ್ದೆ ಮಾವ." ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಜೇಬಿಗೆ ಹಾಕಿಕೊಂಡ. ಸಾವಿರವೂ ಅಲ್ಲ, ಹತ್ತು ಸಾವಿರವೂ ಅಲ್ಲ, ಮಗಳೇ. ನಾನು ಸೋತದ್ದು ಐದು. ಐದರ ಒಂದು ನಾಣ್ಯ.